ಅಪ್ಪ-ಅಮ್ಮನ ಜೊತೆ ದೇವರಿಯಾತಾಲ್, ತುಂಗನಾಥ: ಹತ್ತುವುದಕ್ಕಿಂತ ಟೆಂಟಿನ ರಾತ್ರಿಗೆ ತಯಾರಾಗಿ

ಉತ್ತರಾಖಂಡದ ದೇವರಿಯಾತಾಲ್ ಕೆರೆಯ ದಂಡೆಯಲ್ಲೇ ಟೆಂಟು, ಬೆಳಗ್ಗೆ ಜಿಪ್ ಸರಿಸಿದರೆ ನೀರಿನಲ್ಲಿ ಚೌಖಂಬಾ ಶಿಖರ. ಇಂಥ ಫೋಟೊ ಕಳಿಸಿ ಮುಂಗಡ ಕೇಳುವವರಿಗೆ ದುಡ್ಡು ಹಾಕಬೇಡಿ. ಬುಗ್ಯಾಲ್‌ಗಳಲ್ಲಿ, ಅಂದರೆ ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟ್‌ನಲ್ಲೇ ನಿಷೇಧಿಸಿದೆ. ದೇವರಿಯಾತಾಲ್ ಸುತ್ತಲಿನ ಹುಲ್ಲಿನ ಮೇಲೆ ಅರಣ್ಯ ಇಲಾಖೆಯವರು ಟೆಂಟ್ ಹಾಕಲು ಬಿಡುವುದಿಲ್ಲ. ಆದರೂ ಹಳೆಯ ಫೋಟೊ ತೋರಿಸಿ 'ಲೇಕ್ ವ್ಯೂ' ಅಂತ ಹೆಚ್ಚು ದುಡ್ಡು ಕೀಳುವುದು ನಿಂತಿಲ್ಲ. ನಮಗೆ ಕೊನೆಗೆ ಸಿಕ್ಕಿದ್ದು ಸಾರಿ ಗ್ರಾಮದ ಮೆಟ್ಟಿಲು ಗದ್ದೆಯ ಮೇಲಿನ ಟೆಂಟು. ಪಕ್ಕದ ಗದ್ದೆಯಲ್ಲಿ ಇನ್ನೊಂದು ಗುಂಪು, ರಾತ್ರಿ 11ರವರೆಗೂ ಸ್ಪೀಕರ್. ಕೆರೆ ಇನ್ನೂ ಎರಡೂವರೆ ಕಿಲೋಮೀಟರ್ ಮೇಲೆ.

ಹಾಗಂತ ಜಾಗ ಕೆಟ್ಟದ್ದಲ್ಲ. ಅರವತ್ತರ ಆಸುಪಾಸಿನ ತಂದೆ-ತಾಯಿಯನ್ನು ಕರೆದುಕೊಂಡು ಹಿಮಾಲಯದಲ್ಲಿ ಎರಡು-ಮೂರು ರಾತ್ರಿ ಟೆಂಟಿನಲ್ಲಿ ಕಳೆಯಬೇಕು ಅನ್ನುವವರಿಗೆ ಸಾರಿ, ದೇವರಿಯಾತಾಲ್, ಚೋಪ್ತಾ, ಶಿವನ ದೇವಸ್ಥಾನವಿರುವ ತುಂಗನಾಥದಷ್ಟು ಹದವಾದ ದಾರಿ ಕಡಿಮೆ. ಯಾವ ಹಂತದಲ್ಲಿ ಸಾಕು ಅನ್ನಿಸಿದರೂ ಅರ್ಧ ದಿನದೊಳಗೆ ರಸ್ತೆಗೆ ಬರಬಹುದು. ಕೇದಾರಕಂಠದಂಥ ಹಲವು ದಿನದ ಚಾರಣದಲ್ಲಿ ಈ ಅನುಕೂಲ ಇಲ್ಲ.

ಮುಂಗಡ ಕೊಡುವ ಮೊದಲು ಆಯೋಜಕರನ್ನು ಕೇಳಬೇಕಾದ್ದು ಊಟ, ತಿಂಡಿಯ ಪಟ್ಟಿಯಲ್ಲ. ಟೆಂಟ್ ಹಾಕುವ ಜಾಗದ ಮ್ಯಾಪ್ ಲೊಕೇಶನ್ ಕೇಳಿ. ಫೋಟೊ ಬೇಡ, ಲೊಕೇಶನ್. ನೆಲದ ಟೆಂಟೋ ಮಂಚ ಹಾಕಿದ ಸ್ವಿಸ್ ಟೆಂಟೋ ಕೇಳಿ. ಶೌಚಾಲಯ ಎಷ್ಟು ದೂರ, ಕೂರುವ ಕಮೋಡ್ ಇದೆಯೋ ಬರೀ ಗುಂಡಿಯೋ ಕೇಳಿ. ಸ್ಲೀಪಿಂಗ್ ಬ್ಯಾಗಿನ ಲೇಬಲ್ಲಿನ ಫೋಟೊ ತರಿಸಿಕೊಳ್ಳಿ. ಅದರಲ್ಲಿ ಎರಡು ಉಷ್ಣಾಂಶ ನೋಡಿ, ಆರಾಮವಾಗಿ ನಿದ್ದೆ ಬರುವ 'ಕಂಫರ್ಟ್' ಮತ್ತು ಹೇಗೋ ತಡೆದುಕೊಳ್ಳಬಹುದಾದ 'ಲಿಮಿಟ್'. ಬಾಡಿಗೆಗೆ ಕೊಡುವವರು ಹೇಳುವುದು ಯಾವಾಗಲೂ ಎರಡನೆಯದನ್ನೇ. ವಯಸ್ಸಾದವರಿಗೆ ಲೆಕ್ಕಕ್ಕೆ ಬರುವುದು ಕಂಫರ್ಟ್ ಮಾತ್ರ. ಅಕ್ಟೋಬರ್ ಕೊನೆಯಲ್ಲಿ ಚೋಪ್ತಾದಲ್ಲಿ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೈನಸ್ 5 ಕಂಫರ್ಟ್ ಇರುವ ಬ್ಯಾಗ್ ಬೇಕು, ಯಾಕೆಂದರೆ ನೂರಾರು ಸಲ ಮುದುರಿ ತುರುಕಿದ ಬಾಡಿಗೆ ಬ್ಯಾಗಿನೊಳಗೆ ತುಂಬಿದ ನಾರು ಅಷ್ಟರಲ್ಲಿ ಸತ್ತಿರುತ್ತದೆ. ಕೈಗೆ ಬಂದ ಕೂಡಲೇ ಚೀಲದಿಂದ ಹೊರತೆಗೆದು, ಕೊಡವಿ, ಅರ್ಧ ಗಂಟೆ ಹರಡಿಡಿ. ಉಬ್ಬಿ ಬಂದರೆ ಸರಿ. ಹಾಗೇ ಚಪ್ಪಟೆ ಮಲಗಿದ್ದರೆ ಇನ್ನೊಂದು ಕೇಳಿ, ಅಲ್ಲೇ ಕೇಳಿ.

ಚಳಿ ಮೇಲಿಂದ ಬರುತ್ತದೆ ಅಂದುಕೊಂಡು ಎಲ್ಲರೂ ಕಂಬಳಿ ಹೊದೆಯುತ್ತಾರೆ. ನಿಜವಾಗಿ ಮೈಯ ಬಿಸಿಯನ್ನು ಹೀರುವುದು ನೆಲ. ಮಲಗಿದಾಗ ಬ್ಯಾಗಿನ ಕೆಳಭಾಗ ಮೈಭಾರಕ್ಕೆ ಅಮುಕಿ ಹೋಗಿ ಅಲ್ಲಿ ಗಾಳಿಯೇ ಉಳಿಯುವುದಿಲ್ಲ, ಹಾಗಾಗಿ ಎಷ್ಟು ದಪ್ಪ ಬ್ಯಾಗಾದರೂ ಬೆನ್ನು ತಣ್ಣಗಾಗುತ್ತದೆ. ಕ್ಯಾಂಪಿನವರು ಕೊಡುವುದು ಒಂದೇ ಫೋಮ್ ಮ್ಯಾಟು. ಒಬ್ಬೊಬ್ಬರಿಗೆ ಎರಡು ಹಾಸಿ. ಸಿಗದಿದ್ದರೆ ಹೆಚ್ಚುವರಿ ಕಂಬಳಿಯನ್ನು ಹೊದೆಯುವ ಬದಲು ಕೆಳಗೆ ಹಾಸಿ. ಮಲಗುವ ಮೊದಲು ಒಂದು ಲೀಟರ್ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿಮಾಡಿ, ಉಣ್ಣೆ ಕಾಲುಚೀಲದೊಳಗೆ ಹಾಕಿ ಕಾಲಿನ ಬಳಿ ಇಟ್ಟರೆ ಬೆಳಗಿನ ಜಾವದವರೆಗೂ ಬೆಚ್ಚಗಿರುತ್ತದೆ. ಬಾಟಲಿ ಒಂದೇ ಪದರದ್ದಾಗಿರಬೇಕು. ಫ್ಲಾಸ್ಕ್ ಆದರೆ ಬಿಸಿ ಹೊರಗೇ ಬರುವುದಿಲ್ಲ. ಟೆಂಟಿನ ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಇಬ್ಬರ ಉಸಿರಿನ ತೇವ ಒಳಗೋಡೆಗೆ ಕಟ್ಟಿಕೊಂಡು ಎರಡು ಗಂಟೆಯ ಹೊತ್ತಿಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಇಬ್ಬರಿಗೆ ಮೂವರ ಟೆಂಟ್ ತೆಗೆದುಕೊಳ್ಳಿ. ಮಂಡಿನೋವು ಇರುವವರಿಗೆ ನೆಲದಲ್ಲಿ ಮಲಗುವುದು ಕಷ್ಟವಲ್ಲ, ಏಳುವುದು ಕಷ್ಟ. ಬಾಗಿಲ ಹತ್ತಿರ ಒಂದು ಮಡಚುವ ಸ್ಟೂಲ್ ಇರಲಿ. ಮಗ್ಗುಲಾಗಿ, ನಾಲ್ಕು ಕಾಲ ಮೇಲೆ ಬಂದು, ಸ್ಟೂಲಿನ ಮೇಲೆ ಎರಡೂ ಕೈ ಊರಿ ಎದ್ದರೆ ಯಾರ ಸಹಾಯವೂ ಬೇಡ. ರಾತ್ರಿ ಮೂತ್ರಕ್ಕೆ ಏಳುವ ಭಯಕ್ಕೇ ಹಿರಿಯರು ಸಂಜೆ ನಾಲ್ಕರಿಂದ ನೀರು ಕುಡಿಯುವುದನ್ನು ಬಿಡುತ್ತಾರೆ. ಬೆಟ್ಟದಲ್ಲಿ ತಲೆನೋವಿಗೆ ಇದೂ ಒಂದು ಕಾರಣ. ಸಂಕೋಚ ಬಿಟ್ಟು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಪ್ಪನಿಗೆ ಅಗಲ ಬಾಯಿಯ ಬಾಟಲಿ, ಅಮ್ಮನಿಗೆ ಶೌಚಾಲಯಕ್ಕೆ ಅತಿ ಹತ್ತಿರದ ಟೆಂಟು, ಇಬ್ಬರಿಗೂ ಒಂದೊಂದು ಹೆಡ್‌ಲ್ಯಾಂಪು, ಬಾಗಿಲಲ್ಲಿ ಸುಲಭವಾಗಿ ಕಾಲು ತೂರಿಸುವ ಚಪ್ಪಲಿ. ಮಡಚುವ ಕಮೋಡ್ ಸ್ಟೂಲ್ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ತೂಕ ಎರಡು-ಮೂರು ಕಿಲೋ. ಗುಂಡಿಯ ಮೇಲೆ ಇಟ್ಟರಾಯಿತು. ಇದನ್ನು ಹೊತ್ತೊಯ್ದದ್ದು ದಂಡ ಅಂತ ಯಾರಿಗೂ ಅನ್ನಿಸುವುದಿಲ್ಲ.

ಔಷಧಿಯ ಮಾತು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ವೈದ್ಯರಿಗೆ ಮಾತ್ರೆಯ ಹೆಸರು ತೋರಿಸಿ ಕೇಳಬೇಕು. ಕೆಲವು ಮಾತ್ರೆ ಹೃದಯ ಬಡಿತ ಏರದಂತೆ ತಡೆಯುತ್ತವೆ, ಕೆಲವು ಮೂತ್ರ ಹೆಚ್ಚಿಸುತ್ತವೆ. ಎರಡೂ ಏರುದಾರಿಯಲ್ಲಿ ಗೊತ್ತಾಗುತ್ತದೆ. ಎತ್ತರದ ತೊಂದರೆ ತಡೆಯಲೆಂದು ಕೊಡುವ ಡೈಮಾಕ್ಸ್ ಮಾತ್ರೆಯನ್ನು ಸ್ನೇಹಿತರ ಮಾತು ಕೇಳಿ ನುಂಗಿಸಬೇಡಿ, ಸಲ್ಫಾ ಅಲರ್ಜಿ ಇರುವವರಿಗೆ ಅದು ಆಗದಿರಬಹುದು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಅರ್ಥ, ಕರಗಿಸಿ ಬಳಸುವಂತಿಲ್ಲ. ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇರಲಿ. ಗ್ಲೂಕೋಮೀಟರ್ ಕೂಡ ಚಳಿಯಲ್ಲಿ ತಪ್ಪು ತೋರಿಸುತ್ತದೆ ಅಥವಾ ಎರರ್ ಕೊಡುತ್ತದೆ, ಮೈಗೆ ಒತ್ತಿ ಬೆಚ್ಚಗೆ ಮಾಡಿ ಪರೀಕ್ಷಿಸಿ.

ಇನ್ನು ಬಸ್ಸು. ರಿಷಿಕೇಶದಿಂದ, ಸಾರಿ ಮತ್ತು ಚೋಪ್ತಾಕ್ಕೆ ಮೊದಲು ಸಿಗುವ ಪೇಟೆ ಊಖೀಮಠಕ್ಕೆ ಸುಮಾರು 180 ಕಿಲೋಮೀಟರ್. ದೇವಪ್ರಯಾಗ, ಗಢವಾಲದ ಶ್ರೀನಗರ, ರುದ್ರಪ್ರಯಾಗ ದಾಟಿ, ಅಲ್ಲಿಂದ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ಜೊತೆ ಅಗಸ್ತ್ಯಮುನಿ, ಕುಂಡ್. ನಸುಕಿನಲ್ಲಿ ಹೊರಡುವ ಬಸ್ಸು ಅಗ್ಗ, ನಿಜ. ಆದರೆ ಹಿರಿಯರನ್ನು ಹತ್ತಿಸಬೇಡಿ. ಸೀಟಿನ ನಡುವಿನ ಜಾಗ ಮಂಡಿಗೆ ಸಾಲದು; ಚಕ್ರದ ಮೇಲಿನ ಸೀಟು ಸಿಕ್ಕರಂತೂ ಎಂಟು ಗಂಟೆ ಕಾಲು ಮಡಚಿಕೊಂಡೇ ಕೂರಬೇಕು. ಬ್ಯಾಗೆಲ್ಲ ಟಾಪ್ ಮೇಲೆ ಹೋಗುತ್ತದೆ, ಮಳೆ ಬಂದರೆ ಸ್ಲೀಪಿಂಗ್ ಬ್ಯಾಗ್ ಸಮೇತ ನೆನೆಯುತ್ತದೆ. ಹಿಂದಿನ ಸೀಟಿನಲ್ಲಿ ಯಾರಾದರೂ ಒಬ್ಬರು ವಾಂತಿ ಶುರುಮಾಡಿದರೆ ಬಸ್ಸಿಗೆ ಬಸ್ಸೇ ಶುರುಮಾಡುತ್ತದೆ. ಡ್ರೈವರ್ ಊಟಕ್ಕೆ ನಿಲ್ಲಿಸುವುದು ಅವರ ಖಾಯಂ ಹೋಟೆಲಿನಲ್ಲಿ, ಅಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಷೇರ್ ಜೀಪುಗಳು ಹತ್ತು ಜನ ತುಂಬುವವರೆಗೆ ಹೊರಡುವುದಿಲ್ಲ, ಜೊತೆಗೆ ರುದ್ರಪ್ರಯಾಗದಲ್ಲೋ ಊಖೀಮಠದಲ್ಲೋ ಜೀಪು ಬದಲಿಸಬೇಕು. ಈ ಪ್ರವಾಸದಲ್ಲಿ ದುಡ್ಡು ಸುರಿಯಲೇಬೇಕಾದ ಜಾಗ ಟ್ಯಾಕ್ಸಿ. ಟೆಂಟಿನಲ್ಲಿ ಉಳಿಸಿ, ಊಟದಲ್ಲಿ ಉಳಿಸಿ, ಇದರಲ್ಲಿ ಬೇಡ. ವಾಂತಿಯ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ಕೊಡಬೇಕು, ತಿರುವು ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದೇವಪ್ರಯಾಗಕ್ಕಿಂತ ಮೊದಲು ತೀನ್ ಧಾರಾ ಅನ್ನುವಲ್ಲಿ ಸಾಲು ಢಾಬಾಗಳಿವೆ, ಮೊದಲ ನಿಲುಗಡೆ ಅಲ್ಲಿ ಇಟ್ಟುಕೊಳ್ಳಿ. ನಗದನ್ನು ಊಖೀಮಠದಲ್ಲೇ ತೆಗೆದುಕೊಂಡುಬಿಡಿ.

ಊಖೀಮಠದಲ್ಲಿ ಒಂದು ರಾತ್ರಿ ಉಳಿಯಿರಿ, ನೇರ ಚೋಪ್ತಾಕ್ಕೆ ಓಡಬೇಡಿ. ದಾರಿಯ ದಣಿವು ಕಳೆಯುತ್ತದೆ, ಒಂದೇ ದಿನ ಅಷ್ಟು ಎತ್ತರ ಏರುವುದೂ ತಪ್ಪುತ್ತದೆ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಓಂಕಾರೇಶ್ವರ ದೇವಸ್ಥಾನ ಇಲ್ಲೇ ಇದೆ. ಕೇದಾರದ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ನಮ್ಮ ಕಡೆಯ ವೀರಶೈವ ಜಂಗಮರು, ಹಾಗಾಗಿ ಕರ್ನಾಟಕದವರು ಅಂದರೆ ಊರಲ್ಲಿ ಗುರುತು ಹಿಡಿಯುತ್ತಾರೆ.

ಊಟದ ವಿಷಯಕ್ಕೆ ಬಂದರೆ, ಕ್ಯಾಂಪಿನ ಪನೀರ್, ಮ್ಯಾಗಿ ಎಲ್ಲ ಬಿಟ್ಟು ಸಾರಿ ಗ್ರಾಮದಲ್ಲಿ ರಸ್ತೆ ಮುಗಿಯುವ ಕಡೆಯ ಸಣ್ಣ ಢಾಬಾಗಳಿಗೆ ಹೋಗಿ. ತಗಡಿನ ಮಾಡು, ನಾಲ್ಕು ಬೆಂಚು, ಒಳಗೆ ಕಟ್ಟಿಗೆ ಒಲೆ. ಮೆನು ಕೇಳಬೇಡಿ, "ಮಂಡುವಾ ಕೀ ರೋಟಿ, ಗಹತ್ ಕೀ ದಾಲ್" ಅಂತ ಮುಂಚೆಯೇ ಹೇಳಿ ಬೆಟ್ಟ ಹತ್ತಿ ಬನ್ನಿ, ಇಳಿಯುವ ಹೊತ್ತಿಗೆ ಸಿದ್ಧ ಇರುತ್ತದೆ. ಮಂಡುವಾ ಅಂದರೆ ನಮ್ಮ ರಾಗಿ, ಗಹತ್ ಅಂದರೆ ಹುರುಳಿ. ಹಿಟ್ಟನ್ನು ನೀರಲ್ಲಿ ಕಲಸಿ, ಅಂಗೈಯಲ್ಲೇ ತಟ್ಟಿ, ಕಾವಲಿಯಲ್ಲಿ ಅರೆಬರೆ ಬೇಯಿಸಿ, ಆಮೇಲೆ ಕೆಂಡದ ಪಕ್ಕ ನಿಲ್ಲಿಸಿ ಅಂಚು ಗರಿಗರಿ ಆಗುವವರೆಗೆ ಸುಡುತ್ತಾರೆ. ಮೇಲೆ ಒಂದು ಚಮಚ ಮನೆಯ ತುಪ್ಪ. ಹುರುಳಿಯನ್ನು ರಾತ್ರಿಯೇ ನೆನೆಸಿ, ಬೇಯಿಸಿ, ಅರ್ಧ ಅರೆದು, ಬೆಳ್ಳುಳ್ಳಿ ಮತ್ತು ಜಖಿಯಾ ಅನ್ನುವ ಸಣ್ಣ ಕಾಳಿನ ಒಗ್ಗರಣೆ ಹಾಕುತ್ತಾರೆ. ಹುರುಳಿ ಕಟ್ಟು ತಿಂದು ಬೆಳೆದವರಿಗೆ ಎರಡನೇ ಬಟ್ಟಲು ಕೇಳದೆ ಇರಲಾಗುವುದಿಲ್ಲ. ಜೊತೆಗೆ ಸಾಸಿವೆ ಅರೆದು ಹಾಕಿದ ಬೆಟ್ಟದ ಸೌತೆಕಾಯಿ ರಾಯತ, ಮೂಗಿಗೆ ಏರುವಷ್ಟು ಖಾರ. ಉತ್ತರದ ಊಟ ಒಗ್ಗುವುದಿಲ್ಲ ಅಂತ ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಬರುವ ಹಿರಿಯರು ಇಲ್ಲಿ ಹೊಟ್ಟೆ ತುಂಬ ಉಣ್ಣುತ್ತಾರೆ. ಎಣ್ಣೆ ಕಡಿಮೆ, ಮೈದಾ ಇಲ್ಲ. ಇಬ್ಬರ ಊಟದ ಬಿಲ್ಲು ಕ್ಯಾಂಪಿನ ಒಂದು ಪ್ಲೇಟ್ ಪನೀರಿನಷ್ಟೂ ಆಗುವುದಿಲ್ಲ.

ಸಾರಿಯಿಂದ ಕೆರೆಗೆ ಕಲ್ಲುಹಾಸಿನ ದಾರಿ, ಕೆರೆ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಯುವಕರು ಒಂದೂವರೆ ಗಂಟೆ ಅಂದರೆ ನೀವು ಮೂರು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಆರಕ್ಕೇ ಹೊರಟು ಒಂಬತ್ತರೊಳಗೆ ಮೇಲಿರಬೇಕು, ಆಮೇಲೆ ಮೋಡ ಎದ್ದು ಶಿಖರ ಮುಚ್ಚುತ್ತದೆ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ. ಮಾತು ತುಂಡಾದರೆ ನಿಲ್ಲಿ. ಮಕ್ಕಳು ಮುಂದೆ ನಡೆಯಬಾರದು. ಮುಂದೆ ನಡೆದರೆ ಹಿರಿಯರು ತಮಗೆ ಗೊತ್ತಿಲ್ಲದೆ ಆ ವೇಗ ಹಿಡಿಯಲು ಹೋಗಿ ಸುಸ್ತಾಗುತ್ತಾರೆ. ಅವರು ಮುಂದೆ, ನೀವು ಹಿಂದೆ.

ಚೋಪ್ತಾದಿಂದ ತುಂಗನಾಥಕ್ಕೆ ಮೂರೂವರೆ-ನಾಲ್ಕು ಕಿಲೋಮೀಟರ್, ಪೂರ್ತಿ ಕಲ್ಲುಹಾಸು. ದೇವಸ್ಥಾನದ ಎತ್ತರ 3,680 ಮೀಟರ್ ಅಂತ ಹೇಳುತ್ತಾರೆ. ಎಲ್ಲರೂ ಸೂರ್ಯೋದಯಕ್ಕೆಂದು ನಡುರಾತ್ರಿ ಮೂರಕ್ಕೆ ದೇವಸ್ಥಾನಕ್ಕೂ ಮೇಲಿನ ಚಂದ್ರಶಿಲಾ ಶಿಖರದ ಕಡೆ ಹೊರಡುತ್ತಾರೆ. ಹಿರಿಯರನ್ನು ಆ ಹೊತ್ತಿಗೆ ಎಬ್ಬಿಸಬೇಡಿ. ಕತ್ತಲೆಯಲ್ಲಿ ಕಲ್ಲಿನ ಮೇಲೆ ತೆಳುವಾಗಿ ಕಟ್ಟಿದ ಮಂಜುಗಡ್ಡೆ ಕಾಣುವುದೇ ಇಲ್ಲ, ಬೀಳುವುದು ಅಲ್ಲೇ. ಏಳಕ್ಕೆ ಹೊರಟರೆ ದಾರಿ ಕಣ್ಣಿಗೆ ಕಾಣುತ್ತದೆ, ಸೂರ್ಯೋದಯದ ಜಾತ್ರೆ ಇಳಿದು ಬರುತ್ತಿರುತ್ತದೆ, ದೇವಸ್ಥಾನದಲ್ಲಿ ನೆಮ್ಮದಿಯಾಗಿ ಕೂರಬಹುದು. ಚಂದ್ರಶಿಲಾ ಇನ್ನೂ ಒಂದು-ಒಂದೂವರೆ ಕಿಲೋಮೀಟರ್ ಕಡಿದಾದ ಮಣ್ಣು ದಾರಿ. ತಲೆನೋವು, ವಾಕರಿಕೆ ಇದ್ದರೆ ತುಂಗನಾಥದಿಂದಲೇ ಇಳಿಯಿರಿ. ಕುದುರೆ ಅಲ್ಲಿಂದ ಮುಂದೆ ಇಲ್ಲ. ನಡೆಯಲು ಕಷ್ಟವಾಗುವವರು ಹತ್ತುವಾಗ ಕುದುರೆ ಮಾಡಿಕೊಳ್ಳಬಹುದು. ಇಳಿಯುವಾಗ ಬೇಡ, ಕಲ್ಲಿನ ಮೇಲೆ ಲಾಳ ಜಾರುತ್ತದೆ, ಸೊಂಟಕ್ಕೂ ಪೆಟ್ಟು.

ಮಂಡಿ ಕೈಕೊಡುವುದು ಇಳಿಜಾರಿನಲ್ಲೇ. ಕೋಲು ಎರಡು ಬೇಕು. ಸಮತಟ್ಟಾದ ಕಡೆ ಮೊಣಕೈ ಸಮಕೋನಕ್ಕೆ ಬರುವಷ್ಟು ಉದ್ದ, ಏರುವಾಗ ಅದಕ್ಕಿಂತ ಸ್ವಲ್ಪ ಕಡಿಮೆ, ಇಳಿಯುವಾಗ 5ರಿಂದ 10 ಸೆಂಟಿಮೀಟರ್ ಹೆಚ್ಚು. ಕಲ್ಲುಹಾಸಿಗೆ ತುದಿಯ ರಬ್ಬರ್ ಟೋಪಿ ಹಾಕಿಯೇ ಇರಲಿ. ಇಳಿಯುವ ಮೊದಲು ಶೂ ಲೇಸನ್ನು ಪಾದದ ಸಂದಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ, ಇಲ್ಲದಿದ್ದರೆ ಪಾದ ಮುಂದೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಹೊರಡುವ ಎರಡು ತಿಂಗಳು ಮೊದಲೇ ಅಭ್ಯಾಸ ಶುರುವಾಗಲಿ. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬಸ್ಸಲ್ಲಿ ಕೆಳಗೆ ಬಂದರೆ ಅದು ಅರ್ಧ ಅಭ್ಯಾಸ. ಮೆಟ್ಟಿಲಲ್ಲೇ ಇಳಿಯಬೇಕು, ನಿಧಾನವಾಗಿ, ವಾರಕ್ಕೆ ಎರಡು ಸಲ.

ವಿಮಾನದಲ್ಲಿ ಹೋಗುವವರು ಕೋಲುಗಳನ್ನು ಚೆಕ್-ಇನ್ ಬ್ಯಾಗಿಗೆ, ಪವರ್ ಬ್ಯಾಂಕನ್ನು ಕೈಚೀಲಕ್ಕೆ ಹಾಕಬೇಕು. ಅಡುಗೆ ಗ್ಯಾಸ್ ಕ್ಯಾನಿಸ್ಟರ್ ಎರಡರಲ್ಲೂ ಒಯ್ಯುವಂತಿಲ್ಲ.

ಕಾಲ ಯಾವುದು ಅಂದರೆ ಅಕ್ಟೋಬರ್ ಎನ್ನುತ್ತೇನೆ. ಮೇ-ಜೂನ್‌ನಲ್ಲಿ ಚಾರ್‌ಧಾಮ್ ಯಾತ್ರೆಯ ವಾಹನಗಳಿಂದ ರಸ್ತೆಯೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿತ. ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲ ವಾರಕ್ಕೋ ತುಂಗನಾಥದ ಬಾಗಿಲು ಹಾಕಿ, ಉತ್ಸವಮೂರ್ತಿಯನ್ನು ಮಕ್ಕುಮಠಕ್ಕೆ ಇಳಿಸುತ್ತಾರೆ. ದರ್ಶನ ಮುಖ್ಯವಾದವರು ಅದಕ್ಕೆ ಮೊದಲು ಹೋಗಬೇಕು. ಅಕ್ಟೋಬರ್‌ನಲ್ಲೂ ರಸ್ತೆ ಬಂದ್ ಆಗುವುದುಂಟು, ವಾಪಸ್ ವಿಮಾನಕ್ಕೆ ಒಂದು ಪೂರ್ತಿ ದಿನ ಬಿಟ್ಟು ಟಿಕೆಟ್ ಮಾಡಿಸಿ. ಆ ರಾತ್ರಿ ರಿಷಿಕೇಶದಲ್ಲಿ ಉಳಿಯಿರಿ, ಜಾಲಿ ಗ್ರಾಂಟ್ ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಗಂಗೆ ಕಾಣುವ ಕೋಣೆಗಳಿಗೆ ಮುಖ್ಯರಸ್ತೆಯಿಂದ ನೂರಾರು ಮೆಟ್ಟಿಲು ಇಳಿಯಬೇಕಾಗುತ್ತದೆ. ಬೆಟ್ಟ ಇಳಿದು ಬಂದ ಕಾಲಿಗೆ ಅದು ಬೇಡ. ರಸ್ತೆ ಮಟ್ಟದಲ್ಲಿ, ನೆಲಮಹಡಿಯಲ್ಲಿ, ಬಿಸಿನೀರು ಬರುವ ಕೋಣೆಯನ್ನು ಫೋನ್ ಮಾಡಿ ಖಚಿತಪಡಿಸಿಕೊಂಡು ಹಿಡಿಯಿರಿ.