‘ಟ್ರೈಯಿಂಗ್ ಟು ಓವರ್‌ರೈಟ್’ ಎಂದು ಇನ್‌ಸ್ಟಾಲ್ ನಿಂತರೆ

ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಅಂಗಡಿಯೊಂದರಲ್ಲಿ ಬಿಲ್ಲಿಂಗಿಗೆ ಉಬುಂಟು (ಲಿನಕ್ಸಿನ ಒಂದು ಬಗೆ) ಕಂಪ್ಯೂಟರ್ ಇದೆ ಎನ್ನಿ. ಲೇಬಲ್ ಪ್ರಿಂಟರ್ ಬದಲಾಯಿತು. ಹಳೆ ಡ್ರೈವರ್ ತೆಗೆಯದೆ ಹೊಸ ಡೆಬ್ ಫೈಲ್ (ಉಬುಂಟುವಿನಲ್ಲಿ ತಂತ್ರಾಂಶ ಬರುವ ಕಟ್ಟು, ಅಂದರೆ ಪ್ಯಾಕೇಜ್) ಹಾಕಿದರೆ, ಅದನ್ನು ಬಿಚ್ಚಿ ಕೂರಿಸುವ ಡಿಪಿಕೆಜಿ ಎಂಬ ಪ್ರೋಗ್ರಾಂ ‘ಟ್ರೈಯಿಂಗ್ ಟು ಓವರ್‌ರೈಟ್’ (ಇನ್ನೊಂದು ಪ್ಯಾಕೇಜಿನ ಫೈಲಿನ ಮೇಲೆ ಬರೆಯಲು ಹೊರಟಿದೆ) ಎಂಬ ಎರರ್ ಕೊಟ್ಟು ಅರ್ಧಕ್ಕೇ ನಿಲ್ಲಬಹುದು.

ಕಾರಣ ಸರಳ. ಒಂದು ಫೈಲಿಗೆ ಒಂದೇ ಪ್ಯಾಕೇಜ್ ಒಡೆಯ. ಹೊಸ ಪ್ಯಾಕೇಜಿನ ಕಂಟ್ರೋಲ್ ಫೈಲಿನಲ್ಲಿ (ಪ್ಯಾಕೇಜಿನ ವಿವರ ಬರೆದಿರುವ ಫೈಲು) ಹಳೆಯದರ ಫೈಲುಗಳನ್ನು ತಾನು ಬದಲಿಸುತ್ತೇನೆಂದು ಹೇಳುವ ‘ರಿಪ್ಲೇಸಸ್’ ಎಂಬ ಸಾಲಿಲ್ಲದಿದ್ದರೆ, ಒಂದೇ ಸರ್ವೆ ನಂಬರಿಗೆ ಇಬ್ಬರು ಪಹಣಿ ಹಿಡಿದು ಬಂದಂತೆ. ಅಡ್ಡ ಬಂದ ಫೈಲನ್ನು ಕೈಯಾರೆ ಅಳಿಸಿ ಮತ್ತೆ ಹಾಕುವವರಿದ್ದಾರೆ. ಅದರಿಂದ ಏನೂ ಆಗದು; ಡಿಪಿಕೆಜಿ ನೋಡುವುದು ಡಿಸ್ಕನ್ನಲ್ಲ, ತನ್ನ ಪಟ್ಟಿಯನ್ನು.

ಎರರ್ ಸಾಲಿನಲ್ಲೇ ಫೈಲಿನ ದಾರಿ, ಹಳೆ ಪ್ಯಾಕೇಜಿನ ಹೆಸರು, ಅದರ ಆವೃತ್ತಿ ಇರುತ್ತವೆ. ಬರೆದಿಟ್ಟುಕೊಳ್ಳಿ. ಖಾತ್ರಿಗೆ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ‘ಡಿಪಿಕೆಜಿ -ಎಸ್’ (ಎಸ್ ದೊಡ್ಡಕ್ಷರ) ಮುಂದೆ ಆ ದಾರಿ ಕೊಟ್ಟರೆ ಒಡೆಯ ಯಾರೆಂದು ಹೇಳುತ್ತದೆ. ಆಪ್ಟ್ ಎಂದರೆ ಭಂಡಾರದಿಂದ ಪ್ಯಾಕೇಜ್ ತಂದು ಡಿಪಿಕೆಜಿ ಕೈಲಿ ಹಾಕಿಸುವ ಪ್ರೋಗ್ರಾಂ; ‘ಆಪ್ಟ್ ಪಾಲಿಸಿ’ ಮುಂದೆ ಹಳೆ ಪ್ಯಾಕೇಜಿನ ಹೆಸರು ಕೊಟ್ಟರೆ, ಅದು ಉಬುಂಟುವಿನದೋ, ಹೊರಗಿನ ಪಿಪಿಎಯದೋ (ಬೇರೆಯವರು ನಡೆಸುವ ಪ್ಯಾಕೇಜ್ ಭಂಡಾರ) ತೋರಿಸುತ್ತದೆ. ಹಳೆಯದು ಬೇಡವಾದರೆ ‘ಆಪ್ಟ್ ರಿಮೂವ್’ ಕೊಡಿ. ಜೊತೆಗೆ ಏನೇನು ಹೋಗುತ್ತದೆಂಬ ಪಟ್ಟಿ ಓದದೆ ವೈ ಒತ್ತಬೇಡಿ. ಆಮೇಲೆ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ಕೊನೆಗೆ ‘ಆಪ್ಟ್ ಇನ್‌ಸ್ಟಾಲ್’ ಮುಂದೆ ಹೊಸ ಡೆಬ್ ಹೆಸರು. ಡೆಬ್ ಅದೇ ಫೋಲ್ಡರಿನಲ್ಲಿದ್ದರೆ ಹೆಸರಿನ ಶುರುವಿಗೇ ಚುಕ್ಕಿ ಮತ್ತು ಓರೆಗೆರೆ (./) ಹಾಕಿ. ಇಲ್ಲದಿದ್ದರೆ ಆಪ್ಟ್ ಅದನ್ನು ಭಂಡಾರದ ಪ್ಯಾಕೇಜಿನ ಹೆಸರೆಂದುಕೊಂಡು ಹುಡುಕುತ್ತದೆ.

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಮೊದಲು ಹೇಳುವುದು ‘--ಫೋರ್ಸ್-ಓವರ್‌ರೈಟ್’, ಅಂದರೆ ಹಳೆ ಫೈಲಿನ ಮೇಲೆ ಬಲವಂತವಾಗಿ ಬರೆ ಎಂದು ಡಿಪಿಕೆಜಿಗೆ ಹೇಳುವುದು. ಐಕಾನ್, ಅನುವಾದ, ಸಹಾಯಪುಟದಂಥ ಫೈಲಾದರೆ ನಡೆದೀತು. ‘.ಎಸ್‌ಒ’ ಲೈಬ್ರರಿಯಾದರೆ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಫೈಲು) ಖಂಡಿತ ಬೇಡ. ಹಳೆ ಪ್ರೋಗ್ರಾಂ ಬೇರೆ ಆವೃತ್ತಿಯ ಲೈಬ್ರರಿ ಸಿಕ್ಕಿ ಕುಸಿಯಬಹುದು. ಮುಂದೆ ಹೊಸ ಪ್ಯಾಕೇಜ್ ತೆಗೆದ ದಿನ ಆ ಫೈಲೂ ಹೋಗುತ್ತದೆ. ಹಳೆಯದನ್ನು ‘--ರೀಇನ್‌ಸ್ಟಾಲ್’ ಮಾಡುವ ತನಕ ಮರಳಿ ಬರುವುದಿಲ್ಲ.

ನಡುವೆ ಕರೆಂಟು ಹೋದರೆ (ಬೇಸಿಗೆಯಲ್ಲಿ ಇದು ನಮ್ಮ ಕಡೆ ಮಾಮೂಲು) ಅರ್ಧಕ್ಕೆ ನಿಂತ ಕೆಲಸ ಮುಗಿಸಲು ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ, ಲಾಕ್ ಫೈಲ್ (ಒಮ್ಮೆಗೆ ಒಬ್ಬರೇ ಇನ್‌ಸ್ಟಾಲ್ ಮಾಡಲೆಂದು ಇಡುವ ಫೈಲು) ಅಳಿಸಬೇಡಿ.

ಎರರೇ ಕೊಡದ ಘರ್ಷಣೆಯೂ ಒಂದಿದೆ, ಇದೇ ಹೆಚ್ಚು ಕಾಡುವುದು. ಪ್ಯಾಕೇಜ್ ಇಲ್ಲದೆ, ಮೂಲ ಕೋಡಿನಿಂದ ನೇರವಾಗಿ ‘ಮೇಕ್ ಇನ್‌ಸ್ಟಾಲ್’ ಮಾಡಿದ ಫೈಲುಗಳು ಡಿಪಿಕೆಜಿ ಪಟ್ಟಿಯಲ್ಲಿರುವುದಿಲ್ಲ. ಅವು ಸಾಮಾನ್ಯವಾಗಿ ‘ಯುಎಸ್ಆರ್/ಲೋಕಲ್’ನಲ್ಲಿ ಕೂರುತ್ತವೆ, ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿ) ಆ ಜಾಗಕ್ಕೇ ಮೊದಲ ಸರದಿ. ಹೊಸದು ಸರಿಯಾಗಿ ಕೂತರೂ ಓಡುವುದು ಹಳೆಯದೇ. ‘ಟೈಪ್ -ಎ’ ಮುಂದೆ ಪ್ರೋಗ್ರಾಂ ಹೆಸರು ಕೊಡಿ, ಎರಡೂ ಸಾಲಾಗಿ ಕಾಣುತ್ತವೆ. ಲೋಕಲ್‌ನದನ್ನು ತೆಗೆದು, ಟರ್ಮಿನಲ್ ನೆನಪಿಟ್ಟ ಹಳೆ ದಾರಿ ಮರೆಯಲೆಂದು ‘ಹ್ಯಾಶ್ -ಆರ್’ ಕೊಡಿ, ಇಲ್ಲವೇ ಟರ್ಮಿನಲ್ ಮುಚ್ಚಿ ತೆರೆಯಿರಿ.