ಬಿಲ್ಲಿನ ಕೆಳಗಿನ ಖಾಲಿ ಗೆರೆ

ಟೆಕ್ಸಾಸಿನ ಹೋಟೆಲುಗಳಲ್ಲಿ ಬಿಲ್ಲಿನ ಕೆಳಗೆ ಟಿಪ್ಸ್ ಬರೆಯಲೆಂದು ಬಿಟ್ಟಿರುವ ಖಾಲಿ ಗೆರೆಯನ್ನು ನಾನು ಬಹುಕಾಲ ಬರಿಯ ಸೌಜನ್ಯದ ವಿಷಯವೆಂದೇ ತಿಳಿದಿದ್ದೆ. ಬಡಿಸುವವರ ಸಂಪಾದನೆಯ ಬಹುಪಾಲು ಆ ಗೆರೆಯನ್ನೇ ನೆಚ್ಚಿಕೊಂಡಿದೆ ಎಂಬುದು ತಿಳಿದದ್ದು ತಡವಾಗಿ. ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ, ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕನು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು; 1991ರಲ್ಲಿ ಜಾರಿಗೆ ಬಂದ ಈ ಮೊತ್ತ, ಮನೆಬಾಡಿಗೆಯೂ ಮೊಟ್ಟೆಯ ಬೆಲೆಯೂ ಅಷ್ಟೆಲ್ಲ ಏರಿದ ಮೇಲೂ, ಒಂದು ಸೆಂಟಿನಷ್ಟೂ ಕದಲಿಲ್ಲ. ಉಳಿದವರ ಕನಿಷ್ಠ ವೇತನವಾದ 7.25 ಡಾಲರ್ ಕೂಡ 2009ರಿಂದ ಅಲ್ಲೇ ನಿಂತಿದೆ. ಟಿಪ್ಸ್ ಸೇರಿಯೂ ಅಷ್ಟಾಗದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕೆಂದು ಕಾನೂನು ಹೇಳುತ್ತದೆ, ನಿಜ. ಆದರೆ ಲೆಕ್ಕ ಇಡುವವನೂ ಮುಂದಿನ ವಾರದ ಪಾಳಿ ಹಂಚುವವನೂ ಅವನೇ ಆಗಿರುವಾಗ, ಬಾಯಿಬಿಟ್ಟು ಕೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು? ಕ್ಯಾಲಿಫೋರ್ನಿಯ, ವಾಷಿಂಗ್ಟನ್ ರಾಜ್ಯಗಳಲ್ಲಿ ಈ ಭೇದವಿಲ್ಲ. ಅಲ್ಲಿ ಪೂರ್ತಿ ಕನಿಷ್ಠ ವೇತನದ ಮೇಲೆ ಟಿಪ್ಸ್. (ಅಲ್ಲಿನ ಹೋಟೆಲುಗಳೇನೂ ಬಾಗಿಲು ಹಾಕಿಕೊಂಡಿಲ್ಲ.)

ಈಚೆಗೆ ಮಳೆಯ ಒಂದು ಸಂಜೆ ಊಟಕ್ಕೆ ಹೋದಾಗ, ಅಷ್ಟೂ ಮೇಜುಗಳ ಪೈಕಿ ಜನರಿದ್ದದ್ದು ನಮ್ಮದರಲ್ಲಿ ಮಾತ್ರ. ಬಡಿಸಿದ ಹೆಂಗಸು ಖಾಲಿ ಮೇಜುಗಳ ಮೇಲಿನ ಕೆಚಪ್ ಸೀಸೆಗಳನ್ನು ಒಂದೊಂದಾಗಿ ತುಂಬಿ ಒರೆಸಿಡುತ್ತಿದ್ದರು. ಆ ಕೆಲಸಕ್ಕೆ ಟಿಪ್ಸ್ ಕೊಡುವವರು ಯಾರೂ ಇರಲಿಲ್ಲ.