ದೇವಕಿಗೂ ಸೇರಿದ ಅರ್ಘ್ಯ

ಕೃಷ್ಣಾಷ್ಟಮಿಯ ರಾತ್ರಿ ನಮ್ಮ ಮನೆಯಲ್ಲಿ ಅರ್ಘ್ಯ ಕೊಡುವಾಗ ಹೇಳುವ ಮಂತ್ರದಲ್ಲಿ ಯಶೋದೆಯ ಹೆಸರಿಲ್ಲ ಎಂಬುದನ್ನು ನಾನು ಗಮನಿಸಿದ್ದು ಈ ಮನೆಗೆ ಸೊಸೆಯಾಗಿ ಬಂದ ಎಷ್ಟೋ ವರ್ಷಗಳ ಮೇಲೆ, ಎರಡನೆಯ ಮಗನೂ ಹುಟ್ಟಿದ ನಂತರ. ಶ್ರಾವಣ ಬಹುಳ ಅಷ್ಟಮಿಯ ದಿನವಿಡೀ ನಾವು ಆಡುವುದೆಲ್ಲ ಯಶೋದೆಯ ಮಾತು. ಬೆಣ್ಣೆ, ಮೊಸರಿನ ಗಡಿಗೆ, ಒರಳು, ತೊಟ್ಟಿಲು ಎಲ್ಲವೂ ಅವಳ ಮನೆಯವು. ಆದರೆ ನಡುರಾತ್ರಿಯಲ್ಲಿ ಶಂಖಕ್ಕೆ ಹಾಲು ನೀರು ತುಂಬಿ ಬಿಡುವ ಹೊತ್ತಿಗೆ, ದೇವಕಿಯೊಡಗೂಡಿ ಈ ಅರ್ಘ್ಯವನ್ನು ಸ್ವೀಕರಿಸು ಎಂದು ಹರಿಯನ್ನು ಬೇಡುತ್ತೇವೆ. ಚಂದ್ರನಿಗೆ ಕೊಡುವ ಅರ್ಘ್ಯದಲ್ಲಿ ರೋಹಿಣಿಯ ಹೆಸರು ಹೇಗೆ ಜೊತೆಗೆ ಬರುತ್ತದೆಯೋ ಹಾಗೆ ಕೃಷ್ಣನ ಅರ್ಘ್ಯದಲ್ಲಿ ದೇವಕಿಯ ಹೆಸರು ಬರುತ್ತದೆ. ಮಂತ್ರ ಹೇಳುವವರು ನನ್ನ ಯಜಮಾನರು, ನೀರು ಬಿಡುವುದು ಎಲ್ಲರೂ. ನಿದ್ದೆಗಣ್ಣಿನಲ್ಲಿ ಅಷ್ಟು ವರ್ಷ ಕೇಳಿಸಿಕೊಂಡದ್ದು ಒಂದು ವರ್ಷ ಇದ್ದಕ್ಕಿದ್ದಂತೆ ಕಿವಿಗೆ ಬಿತ್ತು.

ನಮ್ಮದು ಮೈಸೂರಿನ ಹಳೆಯ ಬಡಾವಣೆಯ ಒಂದು ಸಣ್ಣ ಮನೆ. ಅತ್ತೆ, ನಾವಿಬ್ಬರು, 8 ವರ್ಷದ ದೊಡ್ಡವನು, 4 ವರ್ಷದ ಚಿಕ್ಕವನು. ಹಬ್ಬಕ್ಕೆ ಎರಡು ದಿನ ಮುಂಚೆಯೇ ಒಲೆಯ ಮೇಲೆ ಎಣ್ಣೆಯ ಬಾಣಲೆ ಏರುತ್ತದೆ. ಚಕ್ಕುಲಿ, ಕೋಡುಬಳೆ, ತೇಂಗೊಳಲು, ರವೆಉಂಡೆ ಮಾಡಿ ಡಬ್ಬಗಳಿಗೆ ತುಂಬಿ ಅತ್ತೆ ಅವನ್ನು ಅಟ್ಟದ ಮೇಲಿಡುತ್ತಾರೆ. ಅರ್ಘ್ಯವಾಗಿ ನೈವೇದ್ಯ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಕದ್ದು ತಿನ್ನುವುದರಲ್ಲೇ ಹೆಸರಾದ ದೇವರ ಹಬ್ಬದಲ್ಲಿ ಮಕ್ಕಳ ಕೈಗೆ ತಿಂಡಿ ಸಿಗದಂತೆ ಇಷ್ಟೊಂದು ಕಾವಲು ಏಕೋ ನನಗೆ ಇನ್ನೂ ಅರ್ಥವಾಗಿಲ್ಲ. ಪಕ್ಕದ ಮನೆಯವರು ರೋಹಿಣಿ ನಕ್ಷತ್ರ ನೋಡಿ ಶ್ರೀಜಯಂತಿಯನ್ನು ಆಚರಿಸುವವರಾದ್ದರಿಂದ ಕೆಲವು ವರ್ಷ ಅವರ ಹಬ್ಬ ಬೇರೆ ದಿನ ಬರುತ್ತದೆ, ಆಗ ನಮ್ಮ ಮಕ್ಕಳಿಗೆ ಎರಡು ಪಾಲು ಚಕ್ಕುಲಿ.

ಈ ವರ್ಷ ಚಿಕ್ಕವನು ಮಂಟಪದ ಮೇಲೆ ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದ ಕೋಡುಬಳೆಯೊಂದನ್ನು ಕುರ್ಚಿ ಹತ್ತಿ, ಕೈಯಿಂದ ಕೀಳದೆ, ಬಾಯಿಯನ್ನೇ ಅಲ್ಲಿಗೆ ಒಯ್ದು ಅರ್ಧ ಕಚ್ಚಿದ್ದನು. ಉಳಿದ ಅರ್ಧ ದಾರದಲ್ಲೇ ನೇತಾಡುತ್ತಿತ್ತು. ದೊಡ್ಡವನು ಓಡಿಬಂದು ದೂರು ಹೇಳಿದನು. ನನಗೆ ನಗು ಬಂದದ್ದು ಭಾಗವತದ ದಶಮಸ್ಕಂಧ ನೆನಪಾಗಿ. ಕೃಷ್ಣ ಮಣ್ಣು ತಿಂದನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ, ತೆರೆದ ಬಾಯಿಯಲ್ಲಿ ತಾಯಿ ಬ್ರಹ್ಮಾಂಡವನ್ನು ಕಂಡದ್ದನ್ನೂ ಕೇಳಿದ್ದೇವೆ. ಆದರೆ ಆ ದಿನ ಯಶೋದೆಯ ಬಳಿಗೆ ಬಂದು ದೂರು ಕೊಟ್ಟ ಹುಡುಗರ ಮುಂದಾಳು ಬಲರಾಮನೇ ಎಂಬುದನ್ನು ಹೇಳುವವರು ಕಡಿಮೆ. ನಾನು ತಿಂದಿಲ್ಲ, ಇವರೆಲ್ಲ ಸುಳ್ಳು ಹೇಳುತ್ತಾರೆ, ಬೇಕಾದರೆ ಬಾಯಿ ನೋಡು ಎಂದು ತಮ್ಮನ ಉತ್ತರ. ನಮ್ಮವನೂ ಬಾಯಿ ತೆರೆದು ತೋರಿಸಿದನು. ಅಲ್ಲಿ ಕಂಡದ್ದು ಕೋಡುಬಳೆ ಮಾತ್ರ.

ಇಬ್ಬರು ಗಂಡುಮಕ್ಕಳಿರುವ ಮನೆಯವರು ದಶಮಸ್ಕಂಧದ ಆ ಕೆಲವು ಅಧ್ಯಾಯಗಳನ್ನು ಓದಿದರೆ ತಮ್ಮ ಮನೆಯನ್ನೇ ಓದಿದ ಹಾಗಾಗುತ್ತದೆ. ಅಣ್ಣ ತಮ್ಮಂದಿರು ಮಂಡಿಯೂರಿ ಗೋಕುಲದ ಕೆಸರಿನಲ್ಲಿ ಅಂಬೆಗಾಲಿಡುತ್ತಾರೆ, ದಾರಿಯಲ್ಲಿ ಹೋಗುವವರ ಹಿಂದೆ ಸ್ವಲ್ಪ ದೂರ ಹೋಗಿ ಅವರು ತಮ್ಮವರಲ್ಲವೆಂದು ತಿಳಿದು ಹೆದರಿ ತಾಯಂದಿರ ಬಳಿಗೆ ಮರಳುತ್ತಾರೆ, ಕರುವಿನ ಬಾಲ ಹಿಡಿದು ಎಳೆಸಿಕೊಂಡು ಹೋಗುತ್ತಾರೆ. ಕೃಷ್ಣ ಮಗ್ಗುಲು ಮಗುಚಿದ ದಿನವನ್ನು ಯಶೋದೆ ಹಬ್ಬವಾಗಿಯೇ ಆಚರಿಸುತ್ತಾಳೆ, ಬಂದವರ ಉಪಚಾರದಲ್ಲಿ ಮುಳುಗಿ ಮಗು ಹಾಲಿಗೆ ಅತ್ತದ್ದು ಅವಳ ಕಿವಿಗೆ ಬೀಳುವುದಿಲ್ಲ, ಅಷ್ಟರಲ್ಲಿ ಬಂಡಿ ಉರುಳುತ್ತದೆ. ನಮ್ಮಲ್ಲೂ ಮಗು ಬೋರಲು ಬಿದ್ದ ದಿನ ಕಡುಬು ಮಾಡುತ್ತಾರೆ. ಹೊಸಿಲು ದಾಟಿದ ದಿನ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ.

ದೊಡ್ಡವನು ಹುಟ್ಟಿದಾಗ ಸಂಬಳವಿಲ್ಲದ ರಜೆಯನ್ನೂ ಸೇರಿಸಿಕೊಂಡು ಒಂದೂವರೆ ವರ್ಷ ಮನೆಯಲ್ಲಿದ್ದೆ. ಬೋರಲು ಬಿದ್ದದ್ದು, ಮೊದಲ ಹಲ್ಲು, ಮೊದಲ ಮಾತು, ಎಲ್ಲವೂ ನನ್ನ ಕಣ್ಣೆದುರಿಗೇ ಆದವು. ಚಿಕ್ಕವನ ಕಾಲಕ್ಕೆ ಮನೆಸಾಲದ ಕಂತುಗಳಿದ್ದವು. 26 ವಾರದ ಹೆರಿಗೆ ರಜೆ ಮುಗಿದ ಮರುದಿನವೇ ಕಚೇರಿಗೆ ಹೋದೆ. ಮುಂದೆ ಅವನಿಗೆ ಒಂದು ವರ್ಷ ತುಂಬಿ ಕೆಲವು ವಾರಗಳಾಗಿದ್ದಾಗಿನ ಮಾತು. ಒಂದು ಸಂಜೆ ನಾನು ಒಳಗೆ ಬಂದು ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಸೋಫಾ ಹಿಡಿದು ನಿಂತಿದ್ದ ಮಗು ಕೈಬಿಟ್ಟು, ಎರಡು ಕೈಗಳನ್ನೂ ಮೇಲೆತ್ತಿಕೊಂಡು, ನಾಲ್ಕು ಹೆಜ್ಜೆ ನಡೆದು ನನ್ನ ಸೀರೆಯನ್ನು ಹಿಡಿದುಕೊಂಡನು. ಅಯ್ಯೋ ನೋಡಿ ಅತ್ತೆ, ನಡೆದ ಎಂದು ನಾನು ಕೂಗಿದೆ. ಅತ್ತೆಯೂ ಅಚ್ಚರಿಪಟ್ಟರು, ನಿನಗೋಸ್ಕರವೇ ಕಾದಿದ್ದನಮ್ಮ ಎಂದರು. ಆಗ ನೆಲದ ಮೇಲೆ ಬಣ್ಣ ಹಚ್ಚುತ್ತ ಕುಳಿತಿದ್ದ ದೊಡ್ಡವನು ತಲೆಯೆತ್ತದೆ ಹೇಳಿದನು: "ಬೆಳಗ್ಗೆನೇ ನಡೆದ. ಅಜ್ಜಿ, ಅಮ್ಮನಿಗೆ ಹೇಳಬೇಡ ಅಂದಿದ್ದರು."

ಸುಮ್ಮನಿರೋ ಎಂದು ಅತ್ತೆ ಅಡುಗೆಮನೆಗೆ ನಡೆದುಬಿಟ್ಟರು. ನಾವಿಬ್ಬರೂ ಅದರ ಬಗ್ಗೆ ಈವರೆಗೆ ಮಾತನಾಡಿಲ್ಲ. ಆ ವರ್ಷದ ಅಷ್ಟಮಿಗೇ ಮಂತ್ರದ ದೇವಕಿ ನನಗೆ ಕೇಳಿಸಿದ್ದು.

ದೇವಕಿಗೆ ಸಿಕ್ಕಿದ್ದೇನು ಎಂದು ಆಮೇಲೆ ಹುಡುಕಿ ಓದಿದೆ. ಶಂಖ ಚಕ್ರಗಳೊಡನೆ ನಾಲ್ಕು ತೋಳುಗಳಲ್ಲಿ ಕಾಣಿಸಿಕೊಂಡ ಮಗನನ್ನು ಅವಳು, ಈ ಅಲೌಕಿಕವಾದ ರೂಪವನ್ನು ಅಡಗಿಸಿಕೋ ಎಂದು ಬೇಡಿಕೊಳ್ಳುತ್ತಾಳೆ. ಅವನು ಸಾಮಾನ್ಯ ಶಿಶುವಾಗುತ್ತಾನೆ. ಹಾಗಾದೊಡನೆಯೇ ವಸುದೇವ ಅವನನ್ನು ಎತ್ತಿಕೊಂಡು ಹೊರಡಬೇಕಾಗುತ್ತದೆ. ಏಳನೆಯದಾಗಿ ಗರ್ಭದಲ್ಲಿದ್ದ ಬಲರಾಮನೂ ಅವಳವನೇ, ಯೋಗಮಾಯೆ ಅವನನ್ನು ವಸುದೇವನ ಇನ್ನೊಬ್ಬ ಹೆಂಡತಿ ರೋಹಿಣಿಯ ಗರ್ಭಕ್ಕೆ ಸೆಳೆದೊಯ್ದದ್ದರಿಂದ ಸಂಕರ್ಷಣನೆಂಬ ಹೆಸರಾಯಿತು. ಹೀಗೆ ಕೆಸರಿನಲ್ಲಿ ಅಂಬೆಗಾಲಿಟ್ಟ ಇಬ್ಬರೂ ಅವಳ ಮಕ್ಕಳೇ, ಇಬ್ಬರಲ್ಲಿ ಒಬ್ಬನ ಅಂಬೆಗಾಲನ್ನೂ ಅವಳು ನೋಡಲಿಲ್ಲ. ಗರ್ಗಮುನಿಗಳು ಇಬ್ಬರಿಗೂ ನಾಮಕರಣ ಮಾಡಿದ್ದು ಗೋಕುಲದ ದನದ ಕೊಟ್ಟಿಗೆಯಲ್ಲಿ, ಕಂಸನಿಗೆ ಸುಳಿವು ಸಿಗದ ಹಾಗೆ ಗುಟ್ಟಾಗಿ. ಹೆಸರಿಟ್ಟ ಸುದ್ದಿ ಮಥುರೆಯ ತಾಯಿಗೆ ಎಂದು ತಿಳಿಯಿತೋ ಏನೋ.

ಕಂಸವಧೆಯಾದ ಮೇಲೆ ಇಬ್ಬರೂ ಬಂದು ಕಾಲಿಗೆ ಬೀಳುತ್ತಾರೆ. ಆಗ ದೇವಕಿ ವಸುದೇವರು ಅವರನ್ನು ಜಗದೀಶ್ವರರೆಂದು ತಿಳಿದು, ಶಂಕೆಯಿಂದ, ತಬ್ಬಿಕೊಳ್ಳುವುದಿಲ್ಲ. ಹೊಸದಾಗಿ ಕಂಡವರ ಮುಂದೆ ನಿಂತಂತೆ ನಿಲ್ಲುತ್ತಾರೆ. ಕೃಷ್ಣ ಆಗ ಹೇಳುವ ಮಾತನ್ನು ನಾನು ಕಚೇರಿಯ ಊಟದ ವಿರಾಮದಲ್ಲಿ ಓದಿ ಡಬ್ಬಿಯನ್ನು ಹಾಗೆಯೇ ಮುಚ್ಚಿಟ್ಟೆ. ನೀವು ಸದಾ ಹಂಬಲಿಸುತ್ತಿದ್ದರೂ ನಮ್ಮ ಬಾಲ್ಯ, ಪೌಗಂಡವೆಂಬ ಹುಡುಗತನ, ಕೈಶೋರಗಳಲ್ಲಿ ಒಂದೂ ನಿಮ್ಮ ಪಾಲಿಗೆ ಬರಲಿಲ್ಲ ಎಂದು ಅವನು ಹೇಳುತ್ತಾನೆ. ದೇವರೇ ಲೆಕ್ಕವಿಟ್ಟು ಹೇಳಿದ ಮಾತು ಅದು. ಆಮೇಲೆ ಅವರ ಪಾಲಿಗೆ ಬಂದದ್ದು ಉಪನಯನ. ಅದನ್ನು ಮಾಡಿಸಿದವರೂ ಗರ್ಗಮುನಿಗಳೇ. ಮಕ್ಕಳು ಹುಟ್ಟಿದ ದಿನ ಮನಸ್ಸಿನಲ್ಲೇ ದಾನವೆಂದು ಸಂಕಲ್ಪಿಸಿದ್ದ ಹಸುಗಳನ್ನು ವಸುದೇವ ನೆನಪಿಟ್ಟುಕೊಂಡು ಈಗ ಬ್ರಾಹ್ಮಣರಿಗೆ ಕೊಡುತ್ತಾನೆ. ಅಷ್ಟು ವರ್ಷದ ಹರಕೆ ತೀರುತ್ತದೆ. ಉಪನಯನವಾದ ಮಕ್ಕಳು ಮನೆಯಲ್ಲಿ ಎಷ್ಟು ದಿನ ಉಳಿದಾರು? ಸಾಂದೀಪನಿಗಳ ಗುರುಕುಲಕ್ಕೆ ಹೊರಡುತ್ತಾರೆ.

ಕಳೆದ ಬೇಸಿಗೆಯಲ್ಲಿ ನಾವು ಉಡುಪಿಗೆ ಹೋಗಿದ್ದೆವು. ಕೃಷ್ಣನನ್ನು ನೋಡುವ ನವಗ್ರಹ ಕಿಂಡಿಯ ಬೆಳ್ಳಿಯ ರಂಧ್ರಗಳು ಚಿಕ್ಕವನಿಗೆ ಎಟುಕದೆ ಅವನನ್ನು ಎತ್ತಿ ಹಿಡಿದೆ, ಹಿಂದಿನವರು ತಳ್ಳುತ್ತಿದ್ದರು. ಅವನಿಗೆ ಕಂಡದ್ದು ಕೃಷ್ಣನ ಕೈಯಲ್ಲಿನ ಕಡೆಗೋಲು. "ಅದು ಅವರಮ್ಮಂದು, ಕೊಟ್ಟುಬಿಡು ಅಂತ ಹೇಳು" ಎಂದನು. ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ ಹಿಡಿದು ಪಶ್ಚಿಮಕ್ಕೆ ಮುಖಮಾಡಿ ನಿಂತ ಬಾಲಕೃಷ್ಣ ಅವನು. ಮಲ್ಪೆಯ ಬಳಿ ಹಡಗಿನಲ್ಲಿ ಬಂದ ಗೋಪಿಚಂದನದ ಗಡ್ಡೆಯೊಳಗೆ ಸಿಕ್ಕಿದ ಮೂರ್ತಿಯನ್ನು 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದರೆಂಬುದನ್ನು ಉಡುಪಿಗೆ ಹೋದವರೆಲ್ಲ ಕೇಳಿರುತ್ತಾರೆ. ಅದಕ್ಕಿಂತ ಹಿಂದಿನ ಕಥೆ ನನಗೆ ಬೇಕಾದದ್ದು. ಮಗನ ಬಾಲಲೀಲೆಯನ್ನು ನೋಡಲಾಗಲಿಲ್ಲವೆಂದು ದ್ವಾರಕೆಯಲ್ಲಿ ದೇವಕಿ ಕೊರಗಿದಳಂತೆ. ಅವಳಿಗಾಗಿ ಕೃಷ್ಣ ಮತ್ತೆ ಮಗುವಾಗಿ, ಅವಳು ಮೊಸರು ಕಡೆಯುವಾಗ ಕಡೆಗೋಲನ್ನೂ ಹಗ್ಗವನ್ನೂ ಕಸಿದುಕೊಂಡು ಆಡಿ ತೋರಿಸಿದನಂತೆ. ಅದನ್ನು ಕಂಡ ರುಕ್ಮಿಣಿ ಆ ರೂಪದ ಮೂರ್ತಿಯನ್ನು ಕೇಳಿದಳು, ವಿಶ್ವಕರ್ಮ ಕಡೆದುಕೊಟ್ಟನು. ಹಾಗಾದರೆ ಉಡುಪಿಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವುದು ತಪ್ಪಿಹೋದ ಬಾಲ್ಯವನ್ನು ತಾಯಿಗೆ ಎರಡನೆಯ ಸಲ ಆಡಿ ತೋರಿಸಿದ ರೂಪ. ಗೊತ್ತಿದ್ದೂ ಮೊದಲ ಸಲದ ಹಾಗೆಯೇ ಆಡಿದವನು ಅವನು; ಗೊತ್ತಿದ್ದೂ ಮೊದಲ ಸಲ ನೋಡಿದವರ ಹಾಗೆ ಅಚ್ಚರಿಪಟ್ಟವರು ನಮ್ಮ ಅತ್ತೆ.

ಈ ಸಲದ ಹಬ್ಬಕ್ಕೆ ಬಾಗಿಲಿನಿಂದ ದೇವರ ಮನೆಯವರೆಗೆ ಹೆಜ್ಜೆ ಬಿಡಿಸುವ ಕೆಲಸವನ್ನು ದೊಡ್ಡವನು ಕೇಳಿ ಪಡೆದನು. ಮೂರು ವರ್ಷದ ಹಿಂದಿನವರೆಗೂ ಅವನ ಅಂಗಾಲಿಗೇ ಅಕ್ಕಿಹಿಟ್ಟಿನ ನೀರು ಹಚ್ಚಿ ನಡೆಸುತ್ತಿದ್ದೆವು. ಈಗ ಅವನ ಪಾದ ನನ್ನ ಪಾದದ ಮುಕ್ಕಾಲಿಗೆ ಬಂದಿದೆ, ಅದು ಕೃಷ್ಣನ ಹೆಜ್ಜೆ ಅಂತ ಯಾರೂ ನಂಬಲ್ಲ ಎಂದು ಅವನೇ ಹೇಳಿದನು. ಮುಷ್ಟಿ ಕಟ್ಟಿ, ಕಿರುಬೆರಳಿನ ಪಕ್ಕವನ್ನು ಹಿಟ್ಟಿನ ನೀರಿಗೆ ಅದ್ದಿ ನೆಲಕ್ಕೊತ್ತಿದರೆ ಪುಟ್ಟ ಪಾದ ಮೂಡುತ್ತದೆ. ಅದರ ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ. ಎಡಪಾದಕ್ಕೆ ಎಡಗೈಯನ್ನೇ ಒತ್ತಬೇಕೆಂದು ಅತ್ತೆ ಹೇಳಿಕೊಟ್ಟರು. ಹೆಬ್ಬೆರಳು ಒಳಗಡೆಗೆ ಬರಬೇಕೆಂಬುದು ತಿಳಿಯದೆ ಮೊದಲ ಏಳೆಂಟು ಹೆಜ್ಜೆಗಳಲ್ಲಿ ಅವನ ಕೃಷ್ಣನ ಹೆಬ್ಬೆರಳುಗಳು ಹೊರಗಡೆಗೆ ನಿಂತವು. ಅಳಿಸಲು ಅವನು ಒಪ್ಪಲಿಲ್ಲ.

ಸಂಜೆ ಅತ್ತೆ ಒಣಶುಂಠಿ ಕುಟ್ಟಿ ಬೆಲ್ಲದೊಡನೆ ಕಲಸುತ್ತಿದ್ದರು. ಪ್ರತಿವರ್ಷವೂ ತಿಂಡಿಗಳ ಸಾಲಿನ ಕೊನೆಗೆ ಒಂದು ಬಟ್ಟಲಿನಲ್ಲಿ ಇರುತ್ತದೆ, ಮಕ್ಕಳು ಮೂಗು ಮುರಿಯುತ್ತಾರೆ. "ಇದು ಮಗುವಿಗಲ್ಲಮ್ಮ, ಬಾಣಂತಿಗೆ" ಎಂದರು. ಬೇರೇನೂ ಹೇಳಲಿಲ್ಲ. ನಾನು ಕುಟ್ಟಾಣಿಯನ್ನು ಅವರ ಕೈಯಿಂದ ತೆಗೆದುಕೊಂಡೆ.

ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿಯ ಸುಮಾರಿಗೆ, ಅದರ ಮೇಲೆ ಶ್ರಾವಣದ ಮೋಡ. ಟೆರೇಸಿನಲ್ಲಿ ನಿಂತು ಪೂರ್ವಕ್ಕೆ ಮುಖಮಾಡಿ ಚಂದ್ರನಿರುವ ಕಡೆಗೆ ನೀರು ಬಿಟ್ಟೆವು. ದೊಡ್ಡವನು ಹಟ ಹಿಡಿದು ಎಚ್ಚರವಾಗಿದ್ದನು, ಚಿಕ್ಕವನು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದನು. ಕೆಳಗೆ ಬಂದು ಕೃಷ್ಣನಿಗೆ ಅರ್ಘ್ಯ ಬಿಡುವಾಗ ಅವನ ಮುಚ್ಚಿದ ಮುಷ್ಟಿಯನ್ನು ಶಂಖಕ್ಕೆ ತಾಗಿಸಿದೆ. ದೇವಕಿಯ ಹೆಸರು ಬಂದಾಗ ಅತ್ತೆ ನನ್ನ ಕಡೆ ನೋಡಿದರೋ ದೀಪದ ಕಡೆ ನೋಡಿದರೋ ನನಗೆ ಸರಿಯಾಗಿ ತಿಳಿಯಲಿಲ್ಲ.

ಬೆಳಗ್ಗೆ ದೊಡ್ಡವನ ಕೂಗಿಗೆ ಎಚ್ಚರವಾಯಿತು. ಚಿಕ್ಕವನು ನನಗಿಂತ ಮೊದಲೇ ಎದ್ದು, ಉಳಿದಿದ್ದ ಹಿಟ್ಟಿನ ನೀರಿನ ತಟ್ಟೆಯೊಳಗೆ ಕಾಲಿಟ್ಟು, ದೇವರ ಮನೆಯಿಂದ ಬಾಗಿಲವರೆಗೆ ನಡೆದುಬಿಟ್ಟಿದ್ದನು. ಅಣ್ಣನ ಪುಟ್ಟ ಹೆಜ್ಜೆಗಳು ಒಳಗೆ ಬರುತ್ತಿದ್ದವು, ತಮ್ಮನವು ಅವುಗಳ ಪಕ್ಕದಲ್ಲೇ ಹೊರಗೆ ಹೋಗುತ್ತಿದ್ದವು. "ಅಜ್ಜೀ, ಇವನು ಕೃಷ್ಣನ್ನ ಹೊರಗೆ ಕಳಿಸಿಬಿಟ್ಟ!"

"ಆ ರಾತ್ರಿ ಅವನು ಹೊರಗೇ ಹೋಗಿದ್ದು ಕಣೋ" ಎಂದರು ಅತ್ತೆ, ಕಾಫಿ ಸೋಸುತ್ತ.

ಒಂಬತ್ತು ಗಂಟೆಗೆ ಕಚೇರಿಗೆ ಹೊರಡುವಾಗ, ಎರಡು ಸಾಲಿನಲ್ಲಿ ಯಾವುದನ್ನೂ ತುಳಿಯದಂತೆ ಗೋಡೆಯ ಬದಿಗೆ ಕಾಲಿಡುತ್ತ ಹೋಗಿ ಹೊಸಿಲು ದಾಟಿದೆ.